ನನ್ನ ಗಂಟಲಲ್ಲಿ ಬಂದ ಶಿವಣ್ಣನವರ ಮಾತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಇದನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು ಆಮೇಲೆ ಒಪ್ಪಿಕೊಂಡಿದ್ದರೆ ನೀವು ನನ್ನನ್ನು ದೊಡ್ಡ ಮನಸ್ಸಿನವನು ಎನ್ನುತ್ತಿದ್ದಿರಿ. ಮೊದಲೇ ಹೇಳಿದರೆ ಬರೀ ದಡ್ಡ ಎನ್ನುತ್ತೀರಿ. ನಿಜವಾದದ್ದು ಎರಡನೆಯದೇ ಆದ್ದರಿಂದ ಅದೇ ಇರಲಿ. ಹಾಸನದ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದುಕೊಂಡು, ಅಲ್ಲಿಗೆ ಬರುವ ರೋಗಿಗಳ ಕೆಮ್ಮು, ನರಳಾಟ, ಡಾಕ್ಟರ ಮುಂದೆ ಅವರು ತಡವರಿಸುವ ರೀತಿ, ಇವನ್ನೆಲ್ಲ ಸಂಜೆ ಹೋಟೆಲಿನಲ್ಲಿ ಆಡಿ ತೋರಿಸಿ ದೋಸೆ ಕಾಫಿ ಗಿಟ್ಟಿಸುತ್ತಿದ್ದವನು ನಾನು. ಯಾವ ಆಸ್ಪತ್ರೆ ಎಂದು ಕೇಳಬೇಡಿ. ಹೇಳಬಾರದ್ದನ್ನು ಹೇಳಿದ್ದರಿಂದಲೇ ಇಷ್ಟೆಲ್ಲ ಆದದ್ದು. ಇದೊಂದನ್ನಾದರೂ ಹೇಳದೆ ಇರುತ್ತೇನೆ.

ಇನ್ನೊಂದು ಮಾತು. ದೆವ್ವ, ಗಾಳಿ, ಮೈಮೇಲೆ ಬರುವುದು ಇವು ಯಾವುದರಲ್ಲೂ ನನಗೆ ಆಗ ನಂಬಿಕೆ ಇರಲಿಲ್ಲ. ನಂಬಿಕೆ ಹಾಗಿರಲಿ, ಅವು ನನ್ನ ಅಂಗಡಿಯ ಸರಕಾಗಿದ್ದವು. ನಮ್ಮೂರು ಹೊಳೆನರಸೀಪುರ. ಅಲ್ಲಿ ನಮ್ಮ ಬೀದಿಯ ಒಬ್ಬ ಅಜ್ಜಿಯ ಮೇಲೆ ಶುಕ್ರವಾರ ಶುಕ್ರವಾರ ಅಮ್ಮ ಬರುತ್ತಿದ್ದಳು. ಒಂದು ಶುಕ್ರವಾರ ಅಜ್ಜಿಗೆ ಜ್ವರ. ನಾನು ನಮ್ಮ ಜಗಲಿಯ ಮೇಲೆ ಕೂತು, ತಲೆ ಕೆದರಿಕೊಂಡು, ಅಜ್ಜಿಯ ದನಿಯಲ್ಲೇ “ನನ್ನ ಮರ್ತ್ರಲ್ಲೋ ಮಕ್ಳಾ” ಎಂದು ಹೂಂಕರಿಸಿದೆ. ಎದುರು ಮನೆಯವರು ತೆಂಗಿನಕಾಯಿ ಹಿಡಿದು ಓಡಿ ಬಂದು, ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದರು. ಮೂಡಲಿಗೆ ಹುಡುಕಿ ಎಂದೆ. ಎಮ್ಮೆ ಪಡುವಲಲ್ಲಿ ಸಿಕ್ಕಿತು. ಆಮೇಲೆ ನಮ್ಮ ತಾಯಿ ನನಗೆ ಪೊರಕೆಯಲ್ಲಿ ಎಂಟು ದಿಕ್ಕನ್ನೂ ತೋರಿಸಿದರು. ಇಂಥವನು ಇವತ್ತು ಒಂದು ವಿಚಿತ್ರವನ್ನು ಬರೆಯಲು ಕೂತಿದ್ದಾನೆ ಎಂದರೆ ನೀವು ಅನುಮಾನಪಡುವುದು ಸರಿಯೇ. ನಾನೇ ಎಷ್ಟೋ ಸಲ ಅನುಮಾನಪಟ್ಟಿದ್ದೇನೆ.

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಆಸ್ಪತ್ರೆ ಚಿಕ್ಕದು, ಈಗ ಅದು ಇಲ್ಲ. ಮುಂಭಾಗದ ಹಜಾರದಲ್ಲಿ ನನ್ನ ಮೇಜು. ಬಂದವರ ಹೆಸರು, ಊರು ಕೇಳಿ ಚೀಟಿ ಬರೆದುಕೊಟ್ಟು, ಸರದಿ ಬಂದಾಗ ಕೂಗಿ ಒಳಗೆ ಕಳಿಸುವುದು ನನ್ನ ಕೆಲಸ. ಮೊದಮೊದಲು ನಾನು ಕೂಗುತ್ತಿದ್ದುದು ಹೇಗೆಂದರೆ, ಹೆಸರಿನ ಮುಂದೆ ರೋಗವನ್ನೂ ಸೇರಿಸಿ. “ಎಲ್ಲಪ್ಪಾ ಮೂಲವ್ಯಾಧಿ ತಿಮ್ಮೇಗೌಡ! ಬಾ ಒಳಗೆ!” ಒಂದೇ ಹೆಸರಿನವರು ನಾಲ್ಕು ಮಂದಿ ಬಂದಿರುತ್ತಿದ್ದರು, ರೋಗ ಹೇಳದಿದ್ದರೆ ಗುರುತು ಹತ್ತುವುದು ಹೇಗೆ ಎಂದು ನನ್ನ ವಾದ. ನನಗಿಂತ ಹಿಂದೆ ಅಲ್ಲಿದ್ದವನೂ ಹಾಗೆಯೇ ಕೂಗುತ್ತಿದ್ದನಂತೆ. ತಿಮ್ಮೇಗೌಡ ತಲೆ ತಗ್ಗಿಸಿಕೊಂಡು ಒಳಗೆ ಹೋಗುವಾಗ ಬೆಂಚಿನ ಮೇಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನನಗೆ ಅದು ತಮಾಷೆಯಾಗಿತ್ತು.

ಡಾಕ್ಟರು ಒಂದು ದಿನ ಇದನ್ನು ಕೇಳಿಸಿಕೊಂಡರು. ಬೈಯಲಿಲ್ಲ. ಮಾರನೆಯ ದಿನ ಒಂದು ಡಬ್ಬಿಯ ತುಂಬ ತಗಡಿನ ಬಿಲ್ಲೆಗಳನ್ನು ತಂದು ಮೇಜಿನ ಮೇಲಿಟ್ಟರು, ಮೇಲೆ ಬರೀ ನಂಬರು. “ಇನ್ನು ಮೇಲೆ ನಂಬರು ಮಾತ್ರ ಕೂಗು. ಅವರ ರೋಗ ಅವರದು, ನಿನ್ನದಲ್ಲ,” ಎಂದರು. ಎದೆಯ ರೋಗದವರ ಕಾಗದಗಳನ್ನಂತೂ ಅವರು ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಅಂಥವರನ್ನು ನೋಡುವಾಗ ನರ್ಸನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ಡಾಕ್ಟರು ಬೀಗ ಹಾಕುವುದನ್ನು, ಬೀಗದ ಕೈಯನ್ನು ಜೇಬಿಗೆ ಬಿಟ್ಟು ಎರಡು ಸಲ ತಟ್ಟಿ ನೋಡಿಕೊಳ್ಳುವುದನ್ನು ನಾನು ಅಂದೇ ಸಂಜೆ ಹೋಟೆಲಿನಲ್ಲಿ ಮಾಡಿ ತೋರಿಸಿದೆ.

ಅವರು ಅಷ್ಟು ಜಾಗ್ರತೆ ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಆಗ ಕ್ಷಯ ಎಂದರೆ ಒಬ್ಬನಿಗೆ ಬರುವ ಕಾಯಿಲೆಯಲ್ಲ, ಇಡೀ ಮನೆಗೆ ಹಾಕುವ ಬಹಿಷ್ಕಾರ. ಅದಕ್ಕೇ ಜನ ತಮ್ಮೂರಿನಲ್ಲಿ ತೋರಿಸಿಕೊಳ್ಳುತ್ತಿರಲಿಲ್ಲ. ಅರಕಲಗೂಡಿನವರು ಹಾಸನಕ್ಕೆ ಬರುತ್ತಿದ್ದರು, ಹಾಸನದವರು ಮೈಸೂರಿಗೆ ಹೋಗುತ್ತಿದ್ದರು. ಚೀಟಿ ಬರೆಸುವಾಗ ಹೆಸರು ಬೇರೆ, ಊರು ಬೇರೆ. ಒಮ್ಮೊಮ್ಮೆ ಒಂದೇ ಊರಿನ ಇಬ್ಬರು ನಮ್ಮ ಬೆಂಚಿನ ಮೇಲೆ ಎದುರುಬದುರಾಗಿ ಸಿಕ್ಕಿಬೀಳುತ್ತಿದ್ದರು. ಇಬ್ಬರೂ ನೆಂಟರನ್ನು ನೋಡಲು ಬಂದೆ ಎನ್ನುತ್ತಿದ್ದರು. ನೆಂಟರು ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಹಾಗೆ ಬರುತ್ತಿದ್ದವರಲ್ಲಿ ಒಬ್ಬರು, ಚೀಟಿಯ ಪ್ರಕಾರ, ಸಿದ್ದಪ್ಪ, ಮೊಸಳೆ ಗ್ರಾಮ. ನಲವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ಮಡಿ ಬಟ್ಟೆ, ಹೆಗಲ ಮೇಲೆ ಟವಲು. ಮೊಸಳೆಯಲ್ಲಿ ಎಲ್ಲಿ ಎಂದು ನಾನು ಸುಮ್ಮನೆ ಕೆಣಕಿದಾಗ “ಅದೇ ಸಾ, ಎರಡು ಗುಡಿ ಅವಲ್ಲ, ಅದರ ಹಿಂದ್ಗಡೆ” ಎಂದರು. ಮೊಸಳೆಯನ್ನು ನೋಡದವನೂ ಹೇಳಬಹುದಾದ ವಿಳಾಸ ಅದು. ನಾನು ಬರೆದುಕೊಂಡೆ. ವಾರಕ್ಕೆ ಎರಡು ಸಲ ಸಂಜೆ, ಹಜಾರ ಖಾಲಿಯಾಗುವ ಹೊತ್ತಿಗೆ ಬಂದು, ಕಂಬದ ಮರೆಯಲ್ಲಿ ಕೂತಿದ್ದು, ಇಂಜೆಕ್ಷನ್ ಹಾಕಿಸಿಕೊಂಡು ಹೋಗುತ್ತಿದ್ದರು. ಆಮೇಲೆ ನನ್ನ ಹತ್ತಿರ ಅವರು ಆಡುತ್ತಿದ್ದುದು ಎರಡೇ ಮಾತು: “ಬಿಲ್ಲೆ ಕೊಡಿ ಸಾ”, “ಜನ ಕಮ್ಮಿ ಆದ್ಮೇಲೆ ಕರೀರಿ ಸಾ”.

ಎರಡು ಮಾತು ನನಗೆ ಬೇಕಾದಷ್ಟಾಯಿತು. ಎಂಥ ದನಿ ಅದು! ಒಳ್ಳೆಯ ಮೃದಂಗದ ಎಡಮುಖದ ಹಾಗೆ ತಗ್ಗಿನಲ್ಲಿ ಶುರುವಾಗಿ, ಸಾಲಿನ ಕೊನೆಯ ಪದವನ್ನು ಗುಟುಕು ನೀರಿನ ಹಾಗೆ ನುಂಗಿಬಿಡುತ್ತಿತ್ತು. ಆಮೇಲೆ ಒಂದು ಸಣ್ಣ ಕೆಮ್ಮು, ಮಲಗಿದವರ ಮನೆಯ ಕದವನ್ನು ಹೆದರಿ ಹೆದರಿ ತಟ್ಟಿದಂತೆ. ಒಂದು ವಾರದೊಳಗೆ ಅದು ನನ್ನ ಗಂಟಲಿಗೆ ಬಂತು. ಹೋಟೆಲಿನಲ್ಲಿ ಆಡಿದೆ, ನಕ್ಕರು. ಸೇರಿಸಿ ಬೆಳೆಸಿದೆ, ಇನ್ನೂ ನಕ್ಕರು. ನನಗೂ ಒಂದು ನೇಮವಿತ್ತು ಎಂದರೆ ನೀವು ನಗಬೇಡಿ. ಯಾರ ಹೆಸರನ್ನೂ ಹೇಳುತ್ತಿರಲಿಲ್ಲ, ಊರನ್ನೂ ಹೇಳುತ್ತಿರಲಿಲ್ಲ. ಬೀರುವಿನ ಕಾಗದವನ್ನು ಒಂದು ದಿನವೂ ಮುಟ್ಟಿದವನಲ್ಲ. ಡಾಕ್ಟರ ಬೀಗ ಇದ್ದುದು ಕಾಗದಕ್ಕೆ, ದನಿಗೆ ಯಾರು ಬೀಗ ಹಾಕಿದ್ದರು? ದನಿ ಗಾಳಿಯಲ್ಲಿ ಹೋಗುವ ವಸ್ತು, ಹಿಡಿದವನದು ಎಂದುಕೊಂಡಿದ್ದೆ.

ಒಂದು ಶನಿವಾರ ಚನ್ನರಾಯಪಟ್ಟಣದಲ್ಲಿ ಕಚೇರಿ ನೌಕರರು ಸೇರಿ ಒಂದು ಪೌರಾಣಿಕ ನಾಟಕ ಆಡುತ್ತಿದ್ದರು. ಅರಮನೆಯ ಪರದೆ ಎತ್ತಿ ಕಾಡಿನ ಪರದೆ ಇಳಿಸಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಹಿಂದಿನ ವರ್ಷ ಜನ ಬೇಸತ್ತು ರಾಜನಿಗೇ ಕಡಲೆಕಾಯಿ ಸಿಪ್ಪೆ ಎಸೆದಿದ್ದರಂತೆ. ಆ ಹೊತ್ತನ್ನು ತುಂಬಿಸಲು ನನ್ನನ್ನು ಕರೆಸಿದ್ದರು. ಮಧ್ಯಾಹ್ನದ ಬಸ್ಸಿಗೇ ಹಾಸನ ಬಿಟ್ಟು ಹೋದೆ. ಶಾಲೆಯ ಅಂಗಳದಲ್ಲಿ ಚಪ್ಪರ, ಪೆಟ್ರೋಮ್ಯಾಕ್ಸ್ ದೀಪಗಳನ್ನು ಆಗತಾನೆ ಹಚ್ಚುತ್ತಿದ್ದರು. ಮೊದಲ ಪರದೆಯೇ ಹಗ್ಗಕ್ಕೆ ಸಿಕ್ಕಿ ಅರ್ಧದಲ್ಲಿ ನಿಂತಿತು. ನನ್ನನ್ನು ಮುಂದಕ್ಕೆ ತಳ್ಳಿದರು.

ಮಲಗಿದ ಬಸ್ಸು ಏಳುವ ಸದ್ದು ಮಾಡಿದೆ. ಬೆಲ್ಲದ ಹರಾಜು ಕೂಗಿದೆ. ನಮ್ಮ ಹೆಡ್ ಮಾಸ್ತರು ಮೂಗು ಸೀಟಿ ಪ್ರಾರ್ಥನೆಗೆ ನಿಲ್ಲುವುದನ್ನು ತೋರಿಸಿದೆ. ಜನ ನನ್ನ ಕೈಯಲ್ಲಿದ್ದರು. ಆಮೇಲೆ ಆಸ್ಪತ್ರೆಯ ಐಟಂ. ನಾನು ಕಟ್ಟಿದ್ದುದು ಹೀಗೆ: ಒಬ್ಬ ರೋಗಿ ಬರುತ್ತಾನೆ, ಬಿಲ್ಲೆ ಕೇಳುತ್ತಾನೆ, ಪರಿಚಯದವರನ್ನು ಕಂಡು ಟವಲು ಮುಸುಕು ಹಾಕುತ್ತಾನೆ, ಡಾಕ್ಟರು ಏನು ಕಾಯಿಲೆ ಎಂದರೆ “ನಂಗಲ್ಲ ಸ್ವಾಮಿ, ನಮ್ ಎಮ್ಮೆಗೆ” ಎನ್ನುತ್ತಾನೆ. ಅಷ್ಟೇ. ಮುಸುಕಿನ ತನಕ ಚೆನ್ನಾಗಿ ಬಂತು. ಎಮ್ಮೆಯ ಮಾತು ಬರಬೇಕು, ಬಾಯಿ ತೆರೆದೆ. ಬರಲಿಲ್ಲ. ಬಂದದ್ದು ಇದು:

“ಸ್ವಾಮಿ, ನಾನು ಮೊಸಳೆಯೋನಲ್ಲ. ಕೊಣನೂರು. ಅಲ್ಲಿ ಓಟ್ಲು ಮಡಗಿವ್ನಿ. ಜನಕ್ಕೆ ಗೊತ್ತಾದ್ರೆ ನನ್ ಕೈ ನೀರೂ ಮುಟ್ಟಕಿಲ್ಲ. ನಮ್ ಗಂಗಮ್ಮಂಗೂ ಏಳಿಲ್ಲ ನಾನು. ಇನ್ನೂ ಎಷ್ಟ್ ಸೂಜಿ ಚುಚ್ಚಿಸ್ಕಬೇಕು ಸ್ವಾಮಿ?”

ಹೇಳುತ್ತಿದ್ದಾಗ ನನಗೆ ಹೇಗಾಯಿತು ಎಂದು ಬಣ್ಣಿಸಲು ಏನೂ ಇಲ್ಲ. ಕಣ್ಣಿಗೆ ಕತ್ತಲೆ ಕವಿಯಲಿಲ್ಲ, ಮೈ ನಡುಗಲಿಲ್ಲ. ನೋಯುವ ಹಲ್ಲಿಗೆ ನಾಲಗೆ ತಾನಾಗಿ ಹೋಗುತ್ತದಲ್ಲ, ಹಾಗೆ ಮಾತು ತಾನಾಗಿ ಹೋಯಿತು. ಕೊನೆಗೆ ಕೆಮ್ಮು ಬಂತು. ನಾನು ಕೆಮ್ಮಿದ್ದಲ್ಲ ಅದು, ನನಗೆ ಬಂದದ್ದು. ನಾನು ಆಡುತ್ತಿದ್ದ ಕೆಮ್ಮು ಗಂಟಲಿನದು, ಇದು ಇನ್ನೂ ಕೆಳಗಿನಿಂದ ಎದ್ದು ಬಂತು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಡುವಿನಿಂದ ಒಬ್ಬ ಎದ್ದು ನಿಂತು ಕೂಗಿದ: “ಅಯ್ಯೋ, ಇದು ನಮ್ ಓಟ್ಲು ಶಿವಣ್ಣೋರ ಗಂಟ್ಲು ಕಣ್ರಲಾ!”

ಕೂಗಿದವನು ನಂಜೇಗೌಡ, ಕೊಣನೂರಿನಿಂದ ಅರಕಲಗೂಡಿನ ಮೇಲೆ ಹಾಸನಕ್ಕೆ ಬರುವ ಬಸ್ಸಿನ ಕಂಡಕ್ಟರು. ನಾಟಕದಲ್ಲಿ ಅವನ ಭಾವಮೈದ ಮಂತ್ರಿಯ ಪಾತ್ರ ಮಾಡಿದ್ದನೆಂದು ರಜ ಹಾಕಿ ಬಂದಿದ್ದ. ಕಾಡಿನ ಪರದೆ ಇಳಿಯಿತು, ನಾನು ಒಳಗೆ ಬಂದೆ. ಅವನು ಹಿಂದಿನ ಬಾಗಿಲಿನಿಂದ ಬಂದು ನನ್ನ ಬೆನ್ನು ತಟ್ಟಿದ.

“ಭೇಷ್ ಕಣಪ್ಪ. ದಿನಾ ಅವರ ಓಟ್ಲಲ್ಲೇ ನನ್ ತಿಂಡಿ. ಅವರೇ ಬಂದು ನಿಂತಂಗಾಯ್ತು. ಎಲ್ ಸಿಕ್ಕಿದ್ರು ನಿಂಗೆ?”

“ಯಾವ ಶಿವಣ್ಣ? ನನಗೆ ಗೊತ್ತಿಲ್ಲ. ಸುಮ್ನೆ ಕಟ್ಟಿದ್ದು.”

“ಕಟ್ಟಿದ್ರೆ ಗಂಗಮ್ಮನ ಎಸ್ರು ಎಲ್ಲಿಂದ ಬಂತು? ಅವರ ಎಂಡ್ರ ಎಸ್ರು ಅದೇಯ.” ಹೀಗೆಂದವನು ನಗುವುದನ್ನು ನಿಲ್ಲಿಸಿದ. “ವಾರಕ್ಕೆ ಎಲ್ಡು ಕಿತ ಆಸನಕ್ಕೆ ಬತ್ತಾರೆ ಅವರು, ಸಾಮಾನು ತರಾಕೆ ಅಂತ. ಸೂಜಿ ಯಾತಕ್ಕಪ್ಪಾ ಚುಚ್ಚಿಸ್ಕಂತವ್ರೆ?”

ಆಗ ನಾನು ಆಡಿದ್ದನ್ನು ನೆನೆಸಿಕೊಂಡೆ. ಕೊಣನೂರು ಎಂದು ನಾನೇಕೆ ಹೇಳಿದೆ? ನಾನು ಬರೆದಿದ್ದ ಊರು ಮೊಸಳೆ. ಹೋಟೆಲು ಎಂದೇಕೆ ಹೇಳಿದೆ? ಅವರು ಏನು ಮಾಡುತ್ತಾರೆಂದು ನಾನು ಕೇಳಿಯೇ ಇರಲಿಲ್ಲ. ಗಂಗಮ್ಮ ಯಾರು? ನಂಜೇಗೌಡನ ಮುಂದೆ ಇನ್ನಷ್ಟು ಸುಳ್ಳು ಹೇಳಿದೆ. ಹೆಚ್ಚು ಹೇಳಿದಷ್ಟೂ ಅವನ ಮುಖ ಗಂಭೀರವಾಗುತ್ತ ಹೋಯಿತು. ಎರಡನೆಯ ಪರದೆ ಸಿಕ್ಕಿಕೊಂಡಾಗ ನನ್ನನ್ನು ಹುಡುಕಿದರಂತೆ. ನಾನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಬಂದು ನೇರವಾಗಿ ಡಾಕ್ಟರ ಮನೆಗೆ ಹೋದೆ. ಅವರು ಪೇಪರು ಓದುತ್ತಿದ್ದರು. ನಿನ್ನೆ ಸಂಜೆ ಸಿದ್ದಪ್ಪನವರು ಬಂದಿದ್ದರೇ ಎಂದು ಕೇಳಿದೆ. “ಬಂದಿದ್ದರು, ಏಕೆ?” ಎಂದರು. ಎಷ್ಟು ಹೊತ್ತಿಗೆ ಎಂದೆ. ದೀಪ ಹಚ್ಚುವ ಹೊತ್ತಿಗೆ ಎಂದರು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ: ಹೋಟೆಲಿನ ದೋಸೆಯಿಂದ ಹಿಡಿದು ನಂಜೇಗೌಡನವರೆಗೆ. ರಂಗದ ಮೇಲೆ ಆಡಿದ ಮಾತನ್ನು ನನ್ನ ಸ್ವಂತ ದನಿಯಲ್ಲಿ, ಪಾಠ ಒಪ್ಪಿಸುವವನ ಹಾಗೆ ಒಪ್ಪಿಸಿದೆ. ಅವರು ಪೇಪರು ಮಡಚಿದರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದರು. ನಾನು ಹಿಂದೆ ನಡೆದೆ.

ಆಸ್ಪತ್ರೆಯಲ್ಲಿ ನನ್ನನ್ನು ತಮ್ಮ ಕೋಣೆಯೊಳಗೆ ನಿಲ್ಲಿಸಿ, ಬಾಗಿಲು ಹಾಕಿ, ತಾವು ಹಜಾರದಲ್ಲಿ ನಿಂತು ಮಾತನಾಡು ಎಂದರು. ಆಡಿದೆ. ಗಟ್ಟಿಯಾಗಿ ಎಂದರು. ಗಟ್ಟಿಯಾಗಿ ಆಡಿದೆ. ಬಾಗಿಲು ತೆರೆದು ಒಳಗೆ ಬಂದು, “ಗೊಣಗು ಕೇಳುತ್ತೆ, ಮಾತು ಕೇಳಲ್ಲ” ಎಂದರು. “ನೀನು ನಿನ್ನೆ ಚನ್ನರಾಯಪಟ್ಟಣದಲ್ಲೇ ಇದ್ದೆ ತಾನೆ?” ಎಂದರು. ನೂರಾರು ಜನ ನೋಡಿದ್ದಾರೆ ಸಾರ್ ಎಂದೆ.

“ಅವರು ತಮ್ಮ ನಿಜವಾದ ಹೆಸರು, ಊರು ನನಗೆ ಹೇಳಿದ್ದೇ ನಿನ್ನೆ ಸಂಜೆ,” ಎಂದರು ಡಾಕ್ಟರು. “ಹೆಂಡತಿಯ ವಿಷಯವನ್ನೂ ನಿನ್ನೆಯೇ ಹೇಳಿದ್ದು. ಹೆಚ್ಚುಕಡಿಮೆ ಇದೇ ಮಾತು. ಕಾಗದದ ಮೇಲೆ ಬರೆಯಬೇಡಿ ಸ್ವಾಮಿ ಅಂದರು. ನಾನು ಬರೆದೂ ಇಲ್ಲ.”

ಇಬ್ಬರೂ ಬೀರುವಿನ ಕಡೆ ನೋಡಿದೆವು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ನಾನು ಅವರಿಂದ ಏನೋ ಒಂದು ವಿವರಣೆಯನ್ನು ನಿರೀಕ್ಷಿಸಿದ್ದೆ. ಓದಿದವರು, ಮನಸ್ಸು, ಮಿದುಳು ಎಂದು ಏನಾದರೂ ಹೇಳಿ ನನ್ನನ್ನು ಸಮಾಧಾನಪಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. “ಅವರಿಗೆ ಇಂಜೆಕ್ಷನ್ ಅರ್ಧ ಕೂಡ ಮುಗಿದಿಲ್ಲ. ಈಗ ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟದಾಗುತ್ತೆ. ಮುಗಿಸಿದರೆ ಬದುಕಿಕೊಳ್ಳುತ್ತಾರೆ. ನನಗೆ ಬೇಕಾದ್ದು ಅಷ್ಟೇ, ಬುಧವಾರ ಅವರು ಬರಬೇಕು.”

ಬುಧವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಎರಡು ದಿನವೂ ಡಾಕ್ಟರು ಕತ್ತಲಾಗುವವರೆಗೆ ಕೋಣೆಯಲ್ಲೇ ಕೂತಿದ್ದರು. ನಾನು ಬಿಲ್ಲೆಯ ಡಬ್ಬಿಯನ್ನು ಮುಂದಿಟ್ಟುಕೊಂಡು ಬಾಗಿಲನ್ನು ನೋಡುತ್ತಿದ್ದೆ. ಹೆಜ್ಜೆ ಸದ್ದಾದಾಗಲೆಲ್ಲ ಕೋಣೆಯಿಂದ ಅವರು, ಮೇಜಿನಿಂದ ನಾನು, ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಶನಿವಾರ ಹೊರಡುವಾಗ ಡಾಕ್ಟರು ಹೇಳಿದರು: “ನೀನೇ ಹೋಗಿ ಕರೆದುಕೊಂಡು ಬಾ. ಇಲ್ಲಿಗೆ ಬೇಡ ಅಂದರೆ ಮೈಸೂರಿಗೆ ಬರೆದುಕೊಡುತ್ತೇನೆ. ಆದರೆ ಆಸ್ಪತ್ರೆಯವನು ಅಂತ ಆ ಊರಲ್ಲಿ ಒಬ್ಬರಿಗೂ ತಿಳಿಯಬಾರದು. ತಿಂಡಿಗೆ ಬಂದವನ ಹಾಗೆ ಹೋಗು.”

ಮುಂದಿನದನ್ನು ಓದುವಾಗ ನೀವು ಆಸೆ ಇಟ್ಟುಕೊಳ್ಳಬಾರದೆಂದು ಈಗಲೇ ಹೇಳುತ್ತೇನೆ. ಶಿವಣ್ಣನವರು ಮತ್ತೆ ನಮ್ಮ ಆಸ್ಪತ್ರೆಗೆ ಬರಲಿಲ್ಲ. ಆ ವರ್ಷವೇ ಗಂಡಹೆಂಡತಿ ಕೊಣನೂರು ಬಿಟ್ಟು ಹೋದರು. ಎಲ್ಲಿಗೆ ಎಂದು ಊರವರಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿಲ್ಲ, ಅದು ಒಳ್ಳೆಯದೇ. ಬೇರೆ ಊರಿನಲ್ಲಿ, ಬೇರೆ ಹೆಸರಿನಲ್ಲಿ ಸೂಜಿ ಹಾಕಿಸಿಕೊಂಡು ಗುಣವಾದರು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಅದು ನನ್ನ ನಿದ್ದೆ ಮಾತ್ರೆ. ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ನಾನೇ ಬಿಟ್ಟೆ. ಈಗ ಆಲೂಗೆಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆಲೂಗೆಡ್ಡೆ ಕೆಮ್ಮುವುದಿಲ್ಲ.

ಹೇಗಾಯಿತು ಎಂದು ನಾನೂ ಯೋಚಿಸದೆ ಇಲ್ಲ. ಕಂಬದ ಮರೆಯಲ್ಲಿ ಕೂತು ಅವರು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡದ್ದು ನನಗೆ ತಿಳಿಯದೆ ನನ್ನ ಕಿವಿಗೆ ಬಿದ್ದಿತ್ತೇ? ಹಾಗೆಂದು ಒಬ್ಬ ಗೆಳೆಯ ಹೇಳಿದ. ಹೇಳಬೇಕೆಂದುಕೊಂಡ ಮಾತನ್ನು ಮನುಷ್ಯ ಎಷ್ಟೋ ದಿನ ಮೊದಲೇ ಬಾಯಲ್ಲಿ ತಿರುವಿ ನೋಡಿರುತ್ತಾನೆ ಎಂದ. ಇರಬಹುದು. ಆದರೆ ಡಾಕ್ಟರ ಮುಂದೆ ಹೇಳಿದ ಹೊತ್ತಿಗೇ ಅದು ಇಷ್ಟು ದೂರದಲ್ಲಿ ನನ್ನ ಬಾಯಿಗೆ ಏಕೆ ಬರಬೇಕು? ನನ್ನ ತಾಯಿ ಮಾತ್ರ, “ಆಡಿಕೊಳ್ತಿದ್ದೆಯಲ್ಲ, ಮೈಮೇಲೆ ಬರೋದು ಅಂದ್ರೆ ಏನು ಅಂತ. ಈಗ ಗೊತ್ತಾಯ್ತಾ?” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ ಮೈಮೇಲೆ ಬರುವವರು ದೇವರು, ಸತ್ತವರು. ಬದುಕಿದ್ದ ಮನುಷ್ಯ, ಅದೂ ಯಾರಿಗೂ ತಿಳಿಯದಿರಲಿ ಎಂದು ಕೈಮುಗಿದು ಬೇಡಿಕೊಳ್ಳುತ್ತಿದ್ದ ಮನುಷ್ಯ, ನನ್ನ ಮೇಲೇಕೆ ಬಂದಾನು? ಬಂದದ್ದು ಅವರಲ್ಲ. ನಾನೇ ಹೋಗಿ ತಂದೆನೇನೋ. ಹೇಗೆ ಎಂದರೆ ತಿಳಿಯದು.

ಕೊಣನೂರಿಗೆ ಹೋದದ್ದು ಸಂತೆಯ ದಿನ. ಬಸ್ಸಿನಲ್ಲಿ ನಂಜೇಗೌಡ ನನ್ನ ಮುಖ ನೋಡದೆ ಟಿಕೆಟು ಹರಿದುಕೊಟ್ಟ. ಅರಕಲಗೂಡು ದಾಟಿದ ಮೇಲೆ ಬಂದು ಪಕ್ಕದಲ್ಲಿ ಕೂತ. “ನಾನು ಕೆಟ್ಟದ್ದು ಬಗೀಲಿಲ್ಲ ಕಣಪ್ಪ,” ಎಂದ. “ಶಿವಣ್ಣೋರಿಗೆ ಏನಾಗದೆ ಅಂತ ಒಬ್ಬ ಡ್ರೈವರ್ನ ಕೇಳ್ದೆ. ಅಷ್ಟೇಯ. ಪಾಪ, ಏನಾರ ಸಾಯ ಮಾಡಾನ ಅಂತ ಕೇಳಿದ್ದು.” ಅವನು ಕಾಳಜಿಯಿಂದ ಕೇಳಿದ್ದ. ನಾನು ದೋಸೆಗಾಗಿ ಆಡಿದ್ದೆ.

ಸಂತೆಗೆ ಬಂದ ಜನ ಎದುರು ಸಾಲಿನ ಹೋಟೆಲಿನ ಮುಂದೆ ನಿಂತುಕೊಂಡೇ ತಿನ್ನುತ್ತಿದ್ದರು. ಈ ಬದಿಯಲ್ಲಿ ಒಂದು ಹೋಟೆಲು ಬಾಗಿಲು ತೆರೆದಿತ್ತು, ಬೆಂಚುಗಳು ತೊಳೆದಿದ್ದವು, ಒಲೆ ಉರಿಯುತ್ತಿತ್ತು, ಒಬ್ಬರೂ ಇರಲಿಲ್ಲ. ನಾನು ಒಳಗೆ ಹೋಗಿ ಕೂತೆ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ನೋಡಿ ಹೋದ. ಶಿವಣ್ಣನವರು ಒಳಗಿನಿಂದ ಬಂದರು, ನನ್ನನ್ನು ನೋಡಿದರು, ಗುರುತು ಹಿಡಿದರು. ಒಂದು ಗಳಿಗೆ ಬಾಗಿಲ ಕಡೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗಮನಿಸಿದರು. ಇನ್ನು ಯಾವುದನ್ನು ಮುಚ್ಚಿಡಬೇಕಾಗಿತ್ತೋ, ಅಭ್ಯಾಸ ಬಿಟ್ಟಿರಲಿಲ್ಲ. “ಇತ್ತಲಾಗೆ ಬಾ” ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಅಲ್ಲಿ ಅವರ ಹೆಂಡತಿ ಗಂಗಮ್ಮ ಪಾತ್ರೆ ತೊಳೆಯುತ್ತಿದ್ದರು. ಬಳಸದೆ ಇದ್ದ ಪಾತ್ರೆಗಳನ್ನೇ ತೊಳೆಯುತ್ತಿದ್ದರು. ಶಿವಣ್ಣನವರು ಒರಳಿನ ಮೇಲೆ ಕೂತು ಟವಲನ್ನು ಬಾಯಿಗೆ ಹಿಡಿದು ಕೆಮ್ಮಿದರು. ಆಮೇಲೆ, “ನನ್ ದನಿ ಮಾಡ್ತೀಯಂತಲ್ಲ. ಮಾಡು, ನಾನೂ ಕೇಳ್ತೀನಿ,” ಎಂದರು. ಕೋಪವಿರಲಿಲ್ಲ, ಅದೇ ತಗ್ಗಿನ ದನಿ, ಅದೇ ನುಂಗಿದ ಕೊನೆ. ನಾನು ಬಾಯಿ ತೆರೆದೆ. ನನ್ನ ತೆಳ್ಳನೆಯ ದನಿ ಬಿಟ್ಟರೆ ಬೇರೇನೂ ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ. ಬಾಗಿಲು ಹಾಕಿಕೊಂಡು ಒಂದೆರಡು ಸಲ ಪ್ರಯತ್ನಿಸಿದ್ದೂ ಉಂಟು, ಎಂಥ ನಾಚಿಕೆಗೆಟ್ಟವನು ನೋಡಿ.

“ಆ ರೂಮ್ನಾಗೆ ಇದ್ದೋರು ಇಬ್ರು,” ಎಂದರು ಅವರು. “ನಾನು ಯಾರ್ಗೂ ಏಳಿಲ್ಲ. ಮಿಕ್ಕೋರು ನಿಮ್ ಡಾಕ್ಟ್ರು. ದೇವ್ರಂಗೆ ಇದ್ರಲ್ಲಪ್ಪಾ ಅವ್ರು.”

ನಾನು ಆತುರದಿಂದ ಡಾಕ್ಟರ ತಪ್ಪಿಲ್ಲ ಎಂದು ಶುರು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದೆ. ಯಾರೂ ಹೇಳದೆ, ನಾನು ಕೇಳದೆ, ಚನ್ನರಾಯಪಟ್ಟಣದಲ್ಲಿ ಅದು ನನ್ನ ಬಾಯಿಗೆ ತಾನಾಗಿ ಬಂತು ಎಂದೆ. ಹೇಳುತ್ತಿರುವಾಗಲೇ ನನ್ನ ಕಿವಿಗೇ ಅದು ಕಳ್ಳನೊಬ್ಬ ಸಿಕ್ಕಿಬಿದ್ದಾಗ ಕಟ್ಟುವ ಕಥೆಯಂತೆ ಕೇಳಿಸಿತು. ಗಂಗಮ್ಮ ತಲೆ ಎತ್ತದೆ ನಕ್ಕರು. “ಚೆಂದಾಗಿ ಕತೆ ಕಟ್ತಾನೆ ಅಂತ ಕಂಡಕ್ಟ್ರು ಏಳಿದ್ರು” ಎಂದರು. ಜೀವಮಾನದಲ್ಲಿ ನಾನು ಆಡಿದ ಒಂದೇ ಒಂದು ಪೂರ್ತಿ ಸತ್ಯ ಅದು.

ಸತ್ಯದಿಂದ ಡಾಕ್ಟರ ಮೇಲಿನ ನಂಬಿಕೆ ಉಳಿಯುವುದಿಲ್ಲ, ಅದು ಉಳಿಯದಿದ್ದರೆ ಇವರು ಸೂಜಿಗೆ ಬರುವುದಿಲ್ಲ ಎಂದು ಕಂಡಾಗ ನಾನು ಸುಳ್ಳಿಗೆ ಹೊರಳಿದೆ. ಬಾಗಿಲಿಗೆ ಕಿವಿ ಇಟ್ಟು ಕದ್ದು ಕೇಳಿದೆ, ಡಾಕ್ಟರಿಗೆ ಏನೂ ತಿಳಿಯದು, ನಾನು ಕೆಲಸ ಬಿಡುತ್ತೇನೆ, ನೀವು ಬನ್ನಿ, ಅಲ್ಲಿಗೆ ಬೇಡವಾದರೆ ಮೈಸೂರಿಗಾದರೂ ಹೋಗಿ ಎಂದೆ. ಇದನ್ನು ಶಿವಣ್ಣನವರು ತಕ್ಷಣ ನಂಬಿದರು. “ಅಂಗನ್ನು ಮತ್ತೆ,” ಎಂದು ನಿಟ್ಟುಸಿರು ಬಿಟ್ಟರು. ಡಾಕ್ಟರ ಮೇಲಿದ್ದ ಅನುಮಾನದ ಭಾರ ಇಳಿದಂತೆ ಅವರ ಮುಖ ಸ್ವಲ್ಪ ಸಡಿಲವಾಯಿತು. “ಅವ್ರು ಒಳ್ಳೇರೇಯ. ಆದ್ರೆ ಬಾಗ್ಲು ಮುಚ್ಚಿದ್ರೂ ಕಿವಿ ಇಡೋರು ಇರ್ತಾರೆ ಅಂತ ಗೊತ್ತಾದ್ ಮ್ಯಾಲೆ, ಯಾವೂರ್ ಆಸ್ಪತ್ರೆಯಾದ್ರೇನು? ಬಾಯಿ ಬಿಡಾಕೆ ಅಂಜ್ಕೆ ಆಯ್ತದೆ ಕಣಪ್ಪ.”

ಹೀಗೆಂದು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು ಕೇಳಿಸಿತು.

ನಾನು ಅಲ್ಲಿಂದ ಎದ್ದು ಬರಬೇಕಾಗಿತ್ತು. ಬರಲಿಲ್ಲ. ಆ ಸುಳ್ಳನ್ನು ಅವರು ಅಷ್ಟು ಸುಲಭವಾಗಿ ನಂಬಿದ್ದು ನನಗೆ ಚುಚ್ಚುತ್ತಿತ್ತು. ಮಾಡಿದ್ದಕ್ಕಿಂತ ಹೆಚ್ಚಿನ ತಪ್ಪನ್ನು ಹೊತ್ತುಕೊಂಡು ಹೋಗಲು ನನ್ನಿಂದಾಗಲಿಲ್ಲ. ಗಂಗಮ್ಮನವರ ಎದುರು ನಿಂತು, “ಇಲ್ಲ ಅಮ್ಮಾ, ನಿಮ್ಮಾಣೆ, ನಾನು ಕದ್ದು ಕೇಳಲಿಲ್ಲ. ಅದು ಹೇಗೆ ಬಂತು ಅಂತ ನನಗೇ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಎಷ್ಟು ಯೋಚಿಸಿದರೂ...” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಗಂಗಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಸಲ ನನ್ನ ಮುಖ ನೋಡಿದರು.

“ನಂಗೂ ಏಳ್ದೆ ಮಡೀಕಂಡಿದ್ದ ಮಾತ್ನ ನಾನು ಬಸ್ ಸ್ಟ್ಯಾಂಡ್ನಾಗೆ ಕೇಳ್ದೆ ಕಣಪ್ಪ. ಅದು ಎಂಗ್ ಬಂತು ಅನ್ನೋದು ನಿಂಗೆ ಬೇಕು. ನಂಗ್ಯಾಕೆ?”